ಎರಡೂ ಬದಿ

ಹಲಸೂರು, ಹಿಟ್ಟಿನ ಗಿರಣಿಯ ಪಕ್ಕ ನನ್ನ ಜೆರಾಕ್ಸ್ ಅಂಗಡಿ.
ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ಒಂದೇ:
ಒಂದು ಬದಿ ಸಾಕಾ, ಎರಡೂ ಬದಿ ಬೇಕಾ?

ಯಾರ ಮದುವೆ ಕೋರ್ಟಿನಲ್ಲಿದೆ,
ಯಾರ ಸೈಟಿಗೆ ಮೂವರು ಮಾಲೀಕರು,
ಯಾರ ರಕ್ತದಲ್ಲಿ ಸಕ್ಕರೆ ಎಷ್ಟು,
ನೋಡುತ್ತೇನೆ, ಮರೆಯುತ್ತೇನೆ.
ಪುಟಕ್ಕೆ ಎರಡು ರೂಪಾಯಿಯಲ್ಲಿ ಮರೆವೂ ಸೇರಿದೆ.

ಹೋದ ತಿಂಗಳು ಎದುರಿನ ಕಂಬಕ್ಕೆ ಕ್ಯಾಮೆರಾ ಬಂತು.
ಏಣಿ ಹತ್ತಿದ ಹುಡುಗನನ್ನು ಕೇಳಿದೆ, ಏನಪ್ಪಾ ನೋಡುತ್ತೆ ಇದು?
"ಎಲ್ಲಾ ನೋಡುತ್ತೆ ಅಕ್ಕಾ."
ಇಳಿಯುವಾಗ ಅವನ ಕಾಲು
ಕಂಬದ ಬುಡದ ಮುಚ್ಚಳವಿಲ್ಲದ ಮೋರಿಗೆ ಹೋಯಿತು.

ಅದೇ ಕಂಬಕ್ಕೆ ಈಗ ಫ್ಲೆಕ್ಸು.
ನಮ್ಮ ನಾಯಕರು ಟ್ಯಾಂಕಿನ ಮೇಲೆ, ಹೆಲ್ಮೆಟ್ ತೊಟ್ಟು;
ಹುಟ್ಟುಹಬ್ಬದ ಶುಭಾಶಯ ಕೋರುವ
ಇಪ್ಪತ್ತೆಂಟು ಪುಟ್ಟ ಮುಖಗಳು ಟ್ಯಾಂಕಿನ ಕೆಳಗೆ.
ಟೀ ಅಂಗಡಿಯ ಟೀವಿಯಲ್ಲೂ ಅವರೇ:
"ನಾವು ಬಗ್ಗುವುದಿಲ್ಲ."

ಸೋಮವಾರ ಹವಾಲ್ದಾರ್ ಎತಿರಾಜುಲು ಬಂದರು.
ಸೇತುವೆ ಕಟ್ಟಿ, ನೆಲಬಾಂಬು ಕೆದಕಿ ಸವೆದ ಬೆರಳು
ಪಿಂಚಣಿಯ ಯಂತ್ರಕ್ಕೆ ಗುರುತು ಹತ್ತುವುದಿಲ್ಲ.
ಬದುಕಿದ್ದೇನೆ ಅಂತ ಕಾಗದದಲ್ಲೇ ಬರೆದುಕೊಡಬೇಕು, ಮೂರು ಪ್ರತಿ.
"ನಾವು ಅಂದನಲ್ಲಮ್ಮಾ, ಆ ನಾವು ಒಳಗೆ ಅವನಿದ್ದಾನಾ?"
ಮಗ ಧನಶೇಖರ ಗಡಿಯಲ್ಲಿ. ಫೋನು ಬಂದು ಹನ್ನೊಂದು ದಿನ.
"ನಾನು ಹಾಲಿಗೆ ಹೋಗೋದು ಅವರಿಗೆ ಗೊತ್ತು.
ನನ್ನ ಮಗ ಎಲ್ಲಿ ಅಂದ್ರೆ ಮಾತ್ರ
ಅದು ರಹಸ್ಯ ಅಂತಾರೆ."

ಮಂಗಳವಾರ ರಾತ್ರಿ ಎಂಟಕ್ಕೆ ಸೈರನ್. ಕತ್ತಲೆಯ ತಾಲೀಮು.
ಗಿರಣಿ ನಿಂತಿತು. ದೇವರ ದೀಪಕ್ಕೂ ಬಟ್ಟಲು ಮುಚ್ಚಿದರು.
ಮಹಡಿಯ ಮಗು ಖುಷಿಯಿಂದ ಚಪ್ಪಾಳೆ ತಟ್ಟಿ, ಆಮೇಲೆ ಅತ್ತಿತು.
ಇಡೀ ಬೀದಿಯಲ್ಲಿ ಉರಿಯುತ್ತಿದ್ದುದು
ಕಂಬದ ಮೇಲಿನ ಒಂದು ಕೆಂಪು ಚುಕ್ಕಿ.
ಶತ್ರುವಿಗೆ ನಾವು ಕಾಣಬಾರದು,
ನಮ್ಮವರಿಗೆ ಕಾಣದೆ ಇರಬಾರದು.

ಮಾರನೇ ದಿನ ನರ್ಸಿಂಗ್ ಓದುವ ಹುಡುಗಿಯರಿಬ್ಬರು
ಕೈಬರಹದ ಹಾಳೆ ತಂದರು: ಯುದ್ಧ ಬೇಡ.
ಇನ್ನೂರು ಪ್ರತಿ. ಚಿಲ್ಲರೆ ಎಣಿಸಿ ಕೊಟ್ಟರು.
ಬಾಯಿಗೆ ರೂಢಿ, ಕೇಳಿಬಿಟ್ಟೆ: ಒಂದು ಬದಿಯಾ, ಎರಡೂ ಬದಿಯಾ?
"ಸಾಯೋದು ಎರಡೂ ಬದೀಲಿ ಆಂಟಿ," ಅಂದಳು ಒಬ್ಬಳು.
ಇನ್ನೊಬ್ಬಳು ಮೊಣಕೈಯಲ್ಲಿ ತಿವಿದಳು:
"ಒಂದೇ ಬದಿ ಸಾಕು, ದುಡ್ಡಿಲ್ಲ."

ಶುಕ್ರವಾರ ಕಾನ್‌ಸ್ಟೆಬಲ್ ರುದ್ರಮುನಿ.
"ಕ್ಯಾಮೆರಾದಲ್ಲಿ ಎರಡು ಜಡೆ ಬಿದ್ದಿವೆ, ಮುಖ ಬಿದ್ದಿಲ್ಲ.
ಸಾಹೇಬರ ಫ್ಲೆಕ್ಸ್ ಅಡ್ಡ ಬಂದಿದೆ."
ಇಬ್ಬರೂ ನಗಲಿಲ್ಲ.
"ಇನ್ಮೇಲೆ ಯಾರು ಏನು ಕಾಪಿ ಮಾಡಿಸಿದರು,
ಹೆಸರು, ನಂಬರು, ಪುಸ್ತಕದಲ್ಲಿ ಬರೆದಿಡಿ. ಮೇಲಿನವರ ಆರ್ಡರು."
ಹೇಳುವಾಗ ಅವನ ಕಣ್ಣು ಮೇಲಕ್ಕಲ್ಲ, ಬೂಟಿನ ಕಡೆ ಹೋಯಿತು.

ಮೇಲಿನವರು ಎಷ್ಟು ಕಾಗದಕ್ಕೆ ಸಹಿ ಹಾಕುತ್ತಾರೆ ಸ್ವಾಮಿ,
ಅದರ ಜೆರಾಕ್ಸು ಯಾವ ಅಂಗಡಿಯಲ್ಲಿ,
ಆ ಪುಸ್ತಕ ಯಾರ ಹತ್ತಿರ?
ನನ್ನ ಗಂಟಲಿನವರೆಗೆ ಬಂತು, ಅಲ್ಲೇ ಕೂತಿತು.
ಕಂಬದತ್ತ ನೋಡಿದೆ. ಫ್ಲೆಕ್ಸಿಗೆ ಒಂದೇ ಬದಿ.
ಹಿಂದೆ ಬರೀ ಬಿಳಿ, ಸುತಳಿಯ ಗಂಟು,
ಒಂದಿಷ್ಟು ಪಾರಿವಾಳದ ಹಿಕ್ಕೆ.

ಹೊರಡುವ ಮುಂಚೆ ಜೇಬಿನಿಂದ ತನ್ನದೊಂದು ಹಾಳೆ ತೆಗೆದ.
ಊರಿಗೆ ವರ್ಗಾವಣೆ ಕೋರಿ ಅರ್ಜಿ, ಐದನೇ ಸಲ. ಎರಡು ಪ್ರತಿ.
ನನ್ನ ಯಂತ್ರದ ಡ್ರಮ್ಮು ಹಳೆಯದು,
ಒಂದೇ ಹಾಳೆ ಇನ್ನೂರು ಸಲ ಓಡಿದರೆ ಕಲೆ ಕೂರುತ್ತದೆ.
ಅರ್ಜಿ ಹೊರಬಂತು, ಬಿಸಿಬಿಸಿ.
'ಮಾನ್ಯರೇ' ಎಂಬುದರ ಕೆಳಗೆ
ಬೂದಿ ಬಣ್ಣದಲ್ಲಿ ಎರಡು ಪದ,
ಬೆಳಕಿಗೆ ಹಿಡಿದರೆ ಮಾತ್ರ.

ಅವನು ಹಿಡಿದ. ತುಸು ಹೊತ್ತು ನೋಡಿದ.
ಮಡಚಿ ಒಳಜೇಬಿಗೆ ಹಾಕಿಕೊಂಡ.
ನಾಲ್ಕು ರೂಪಾಯಿ, ಅಂದೆ.

ಹೊಸ ಪುಸ್ತಕ ತಂದಿದ್ದೇನೆ, ಗೆರೆ ಹಾಕಿದ್ದೇನೆ.
ಅದರಲ್ಲಿ ಈವರೆಗೆ ಅವನ ಹೆಸರೊಂದೇ.

ಇವತ್ತು ಶನಿವಾರ. ಎತಿರಾಜುಲು ಬಂದು ಸ್ಟೂಲಿನ ಮೇಲೆ ಕೂತರು.
ಕಾಪಿ ಮಾಡಿಸಲು ಏನೂ ಇರಲಿಲ್ಲ.
ಹದಿನಾರು, ಅಂದರು.