ಹೊಲಿಗೆಗೆ ಬಿಡುವ ಅಂಚು

ನಾಪೋಕ್ಲು ಪೇಟೆಯ ನಿಸಾರ್ ಬಂದಿದ್ದಾನೆ,
ಕಿವಿಯ ಹಿಂದೆ ಪೆನ್ಸಿಲು, ನನ್ನ ಹಾಗೆಯೇ.
ಮೊದಲು ಮಾಡು ನೋಡಲಿಲ್ಲ.
"ಎಷ್ಟು ಬಲ್ಬು, ಎಷ್ಟು ಹೊತ್ತು?" ಎಂದ.

ಒಂಬತ್ತು ವ್ಯಾಟಿನವು ಐದು, ಐದೈದು ಗಂಟೆ:
ಇನ್ನೂರ ಇಪ್ಪತ್ತೈದು.
ಟಿವಿ ಅರವತ್ತು, ಮೂರು ಗಂಟೆ. ನೂರ ಎಂಬತ್ತು.
ಬಟ್ಟೆ ನೋಡಿ ಅಲ್ಲ, ಮೈ ನೋಡಿ ಕತ್ತರಿಸುವವನು;
ಹುಡುಗ ಕಸುಬುದಾರನೇ ಅಂದುಕೊಂಡೆ.

"ಬಿಸಿಲಿನ ಲೆಕ್ಕ ಮಾರ್ಚಿಗೆ ಹಿಡಿಯಬೇಡ,
ಕಕ್ಕಡಕ್ಕೆ ಹಿಡಿ" ಎಂದೆ.
ಮದುವೆ ದಿನದ ಮೈಗೆ ಹೊಲಿದ ರವಿಕೆ
ಎಷ್ಟು ವರ್ಷ ಬಂದೀತು?
ಅವನು ನಕ್ಕು, ಮೋಡದ ಮೂರು ದಿನಕ್ಕೆಂದು
ಅಂಚು ಬಿಟ್ಟ.

ಮೂರು ಗಂಟೆಗೆ ಸಿಲ್ವರ್ ಓಕಿನ ನೆರಳು
ಹೆಂಚಿಗೆ ಏರುತ್ತದೆ. ಮರದ ತುಂಬ ಕರಿಮೆಣಸು.
ಕಡಿಯುವ ಮಾತಿಲ್ಲ, ಎಂದರು ಇವರು.
ಪ್ಯಾನೆಲ್ಲೇ ಮೂಡಣದ ತುದಿಗೆ ಸರಿಯಿತು.

"ಹೊಲಿಗೆ ಮೆಷಿನ್ನಿನ ಮೋಟರು ನೂರು ವ್ಯಾಟು. ರಾತ್ರಿ?"
"ರಾತ್ರಿ ಇಲ್ಲ, ಒಂಬತ್ತಕ್ಕೆಲ್ಲ ಮಲಗಿರುತ್ತೇವೆ,"
ಇವರೇ ಹೇಳಿದರು.

ಪೆನ್ಸಿಲು ಕಾಯುತ್ತಿತ್ತು.
ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು
ನಿಲ್ಲುವವರಿಗೆ ನಾನೇ ಹೇಳುತ್ತೇನಲ್ಲ:
ಉಸಿರು ಬಿಡಿ.

"ಹತ್ತರಿಂದ ಒಂದರವರೆಗೆ," ಎಂದೆ.
"ಹುತ್ತರಿ ಹತ್ತಿರವಾದರೆ ಎರಡೂ ಆಗುತ್ತದೆ."

ಇವರು ನನ್ನ ಮುಖ ನೋಡಲಿಲ್ಲ,
ಬೆರಳು ನೋಡಿದರು.
ಒಂದು ಬ್ಯಾಟರಿ ಎಂದಿದ್ದನ್ನು ಅಳಿಸಿ
ನಿಸಾರ್ ಎರಡು ಬರೆದ.