ಅಂಟು ಆರುವವರೆಗೆ

ಯಾವುದು ಓದಲಿ ಅಂತ ನನ್ನ ಕೇಳಬ್ಯಾಡ ತಂಗಿ,
ನಾನು ಪುಸ್ತಕದ ಬೆನ್ನು ನೋಡಿ ಮಾತಾಡೋನು.
ಮಂಡಿಪೇಟೆಯ ಈ ಓಣಿಯಾಗೆ ಮೂವತ್ತೊಂದು ವರ್ಷ
ದಲಾಲಿ ಅಂಗಡಿಗಳ ಖಾತೆ ಕಿರ್ದಿ ಹೊಲಿದೀನಿ,
ನಡುನಡುವೆ, ಲೈಬ್ರರಿಯಿಂದ ಗೋಣಿಚೀಲದಾಗೆ ಬಂದ
ಕೈಕಾಲು ಮುರಿದ ಕಾದಂಬರಿಗಳನ್ನ.

ಆದರೂ ಕೇಳಿದೆ. ಕೂತ್ಕೋ.
ದಾವಣಗೆರೆ ಬಿಸಿಲಿಗೆ ಅಂಟು ಬೇಗ ಆರತೈತಿ,
ಅಲ್ಲಿತನಕ ನನಗೂ ಕೆಲಸ ಇಲ್ಲ.

ಒಂದು ಪುಸ್ತಕ ಎತ್ತಿ ಬೆನ್ನ ಮೇಲೆ ನಿಲ್ಲಿಸಿ ಕೈ ಬಿಡು.
ತಾನಾಗೇ ಎಲ್ಲಿ ತೆರಕೊಳ್ತೈತೋ
ಅಲ್ಲಿ ಊರು ಕೂತು ಎದ್ದು ಹೋಗೈತಿ ಅಂತ ಅರ್ಥ.
ಈ ಪ್ರೇಮಕಥೆ ಪ್ರತಿ ಸಲ ನೂರಾ ಹನ್ನೆರಡಕ್ಕೇ ಬೀಳತೈತಿ.
ಅಲ್ಲಿ ಮುತ್ತಿಲ್ಲ, ಬೆಳದಿಂಗಳಿಲ್ಲ;
ರೈಲು ತಪ್ಪಿದವಳೊಬ್ಬಳು ಹರಿಹರದ ಪ್ಲಾಟ್‌ಫಾರಂನಾಗೆ
ಚಪ್ಪಲಿಯ ಉಂಗುಟಕ್ಕೆ ಪಿನ್ನು ಹಾಕ್ತಿದಾಳೆ, ಅಷ್ಟೇ.
ಮೂರು ಸಲ ಹೊಲಿದೆ. ಓದು ಅದನ್ನ.

ಪತ್ತೇದಾರಿ ಬೇಕಂದ್ರೆ ಕೊನೇ ಹಾಳೆ ಸಡಿಲಾದದ್ದು ಬ್ಯಾಡ,
ಜನ ಸೀದಾ ಕೊಲೆಗಾರನ ಹತ್ರ ಓಡ್ಯಾರೆ.
ನಡುವಿನ ಹಾಳೆ ಮೂಲೆ ಮಡಚಿದ್ದು ತಗೋ:
ಅಲ್ಲಿ ಯಾರೋ ಹೆದರಿ ದೀಪ ಆರಿಸದೆ ಮಲಗ್ಯಾರೆ.

ತತ್ವಶಾಸ್ತ್ರ, ಈ ದಪ್ಪನೇದು.
ಮೊದಲ ಹತ್ತು ಪುಟ ಮಾಸಿ ಕರ್ರಗೆ,
ಮುಂದೆಲ್ಲ ಈಗಷ್ಟೇ ಮಿಲ್ಲಿನಿಂದ ಬಂದಂಗೆ.
ಆದರೆ ಮುನ್ನೂರಾ ನಾಲ್ಕರಾಗೆ ಒಂದು ಬೆಣ್ಣೆ ಕಲೆ,
ಹೆಬ್ಬೆರಳಷ್ಟು, ಹಿಂದಿನ ಅಕ್ಷರ ಕಾಣೋವಷ್ಟು ತೆಳು.
ದೋಸೆ ತಿಂದು ಕೈ ತೊಳಿಯೋಷ್ಟೂ ತಾಳದೆ
ಅಲ್ಲಿತನಕ ಹೋದವನೊಬ್ಬ ಈ ಊರಾಗಿದಾನೆ.
ಹುಡುಕ್ತಾ ಇದೀನಿ. ಸಿಕ್ಕರೆ ಚಾ ಕುಡಿಸಿ
ಮುಂದೇನಾತು ಅಂತ ಕೇಳಬೇಕು.

ಗುಲ್ಜಾರ್‌ಬೀ ಅಂತಾಳೆ, ಮಂಡಕ್ಕಿ ಭಟ್ಟಿ ಮುಂದೆ ಓದಾಕೆ
ಪ್ರವಾಸಕಥನಾನೇ ಸೈ, ಆದರೆ ಹಿಮದ ದೇಶದ್ದಾಗಿರಬೇಕು.
ಕೊಟ್ರಪ್ಪ ಗುಮಾಸ್ತ ದೆವ್ವದ ಕಥೆ ಬಿಟ್ಟು ಬೇರೆ ಮುಟ್ಟಲ್ಲ,
‘ಲೆಕ್ಕಕ್ಕೆ ಹತ್ತದ್ದು ಅದೊಂದೇ ನೋಡ್ರಿ’ ಅಂತಾನೆ.
ನರ್ಸ್ ಹಾಲಮ್ಮಗೆ ನೈಟ್ ಡ್ಯೂಟಿಗೆ ಮಕ್ಕಳ ಕಥೆ:
ಅದರಾಗೆ ಯಾರೂ ನಸುಕಿನ ನಾಲ್ಕಕ್ಕೆ ಸಾಯಲ್ಲ.
ಅವಳು ಹಾಗಂದ ದಿನ ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಅಡುಗೆ ಪುಸ್ತಕ? ಅರಿಶಿಣ ಹತ್ತದ ಪುಟ ನಂಬಬ್ಯಾಡ.
ಕವಿತೆ, ಒಪ್ಕೋತೀನಿ, ಬೆನ್ನು ಮುರಿದು ಬಂದದ್ದು ಕಡಿಮೆ.
ಒಂದು ಬಂದಿತ್ತು, ನೀರು ಕುಡಿದು ಉಬ್ಬಿ.
ಬಚ್ಚಲಾಗೆ ಓದಿದರೋ, ಅತ್ತರೋ, ಲೈಬ್ರರಿ ಸೂರು ಸೋರಿತೋ,
ಕೇಳಲಿಲ್ಲ.

ನನ್ನದಾ? ನನಗೆ ಇಷ್ಟದ್ದಾ?

ಆ ಮೇಲಿನ ಹಲಗೆ ಮೇಲೆ, ಖಾಕಿ ಕ್ಯಾಲಿಕೋ ಹೊದ್ದದ್ದು.
ಹೆಸರಿಲ್ಲ, ಮೊದಲ ಹಾಳೆ ಬರುವಾಗಲೇ ಇರಲಿಲ್ಲ.
ಕೊನೇ ಫಾರಮ್ಮೂ: ಹದಿನಾರು ಪುಟ.
ಬಾವಿ ತೋಡೋ ಅಣ್ಣತಮ್ಮ, ಮಾತು ಬಿಟ್ಟವರು,
ಒಬ್ಬ ಕೆಳಗೆ, ಒಬ್ಬ ಮೇಲೆ ಹಗ್ಗ ಹಿಡಕೊಂಡು,
ಅಲ್ಲಿಗೆ ನಿಂತೈತಿ.
ಬೋಳು ಕಾಣಬಾರದು ಅಂತ
ಹದಿನಾರು ಖಾಲಿ ಪುಟ ಸೇರಿಸಿ ಹೊಲಿದೆ.

ಓದಿದವರು ಸುಮ್ನಿರಲಿಲ್ಲ.
ಪೆನ್ಸಿಲ್ಲಿನಾಗೆ ಕೊಟ್ರಪ್ಪನ ದುಂಡು ಅಕ್ಷರ: ಹಗ್ಗ ಹರೀತು.
ಅದರ ಕೆಳಗೆ ಗುಲ್ಜಾರ್‌ಬೀ: ಹರೀಲಿಲ್ಲ, ನಾನು ನೋಡೀನಿ.
ಯಾವುದೋ ಹುಡುಗ ಚಿತ್ರ ಬರೆದಾನೆ,
ಬಾವಿ ತಳದಿಂದ ಕಂಡ ಆಕಾಶ, ಒಂದು ರೂಪಾಯಿಯಷ್ಟು.
ಹಾಲಮ್ಮಂದು ಒಂದೇ ಸಾಲು:
ಮೇಲೆ ಬಂದವನಿಗೆ ಮೊದಲು ನೀರು ಕೊಡಿ.

ಹೋದ ಯುಗಾದಿ ಹೊತ್ತಿಗೆ ಚಿತ್ರದುರ್ಗದ ಮೇಷ್ಟರೊಬ್ಬರ ಪೆಟ್ಟಿಗೆಯಾಗೆ
ಅದರದೇ ಇಡೀ ಪ್ರತಿ ಬಂತು,
ಹೆಸರು, ಕೊನೆ, ಎಲ್ಲ ಇದ್ದದ್ದು.
ದಬ್ಬಣ ಕೆಳಗಿಟ್ಟು ಕೂತೆ.
ಹೊರಗೆ ಹಮಾಲರು ಮೆಕ್ಕೆಜೋಳದ ಚೀಲ ಇಳಿಸ್ತಿದ್ರು.
ಓದಿದೆ ಅಂತ ಹೇಳ್ಲಾ, ಓದಲಿಲ್ಲ ಅಂತ ಹೇಳ್ಲಾ?
ಹೊಲಿದು, ಹೊಸ ರಟ್ಟು ಹಾಕಿ ವಾಪಸ್ ಕಳಿಸಿದೆ.
ನಲವತ್ತು ರೂಪಾಯಿ. ಅದಕ್ಕೂ ಚೌಕಾಶಿ ಮಾಡಿದರು.

ನೀನು ಖಾಕೀದೇ ತಗೊಂಡು ಹೋಗು.
ಅಂಟಿಗೆ ಮೈಲುತುತ್ತ ಹಾಕೀನಿ, ಹುಳ ಬರಲ್ಲ;
ಬೆರಳು ನೆಕ್ಕಿ ಪುಟ ತಿರುವಬ್ಯಾಡ ಮತ್ತೆ.
ಖಾಲಿ ಪುಟಗಳಾಗೆ ಹದಿನಾಲ್ಕನೇದು ಇನ್ನೂ ಅರ್ಧ ಉಳಿದೈತಿ.
ಪೆನ್ಸಿಲ್ಲು ಇಲ್ಲೇ ಕಿವಿ ಮೇಲಿತ್ತಲ್ಲ,
ಎಲ್ಲಿ ಹೋತು,
ನಿನ್ನ ಕೈಯಾಗೈತಾ?