ಬೈತಖೋಲದಲ್ಲಿ ಧ್ವನಿಪರೀಕ್ಷೆ

ಮೊದಲು ಕೋಡಿಬಾಗದ ಅವರ ಅಡುಗೆಮನೆ ನೋಡಿದೆ.
ಫ್ರಿಜ್ಜು ಗುನುಗುತ್ತಿತ್ತು; ನಿಲ್ಲಿಸಿದರೆ
ಒಳಗಿನ ಬಾಂಗಡೆಗೆ ಯಾರು ಜವಾಬ್ದಾರಿ?
ನಡುಮನೆಯಲ್ಲಿ ನುಣುಪು ಟೈಲ್ಸು, ಬರಿಗೋಡೆ,
ಒಂದು ಕೆಮ್ಮಿಗೆ ನಾಲ್ಕು ಕೆಮ್ಮು ವಾಪಸು.
ಕಡೆಗೆ ವಾಮನಬಾಬರೇ ಹೇಳಿದರು:
‘ಬೈತಖೋಲಕ್ಕೆ ಹೋಗುವಾ. ನನ್ನ ಭಾವನ ಶೆಡ್ಡಿನಲ್ಲಿ ಬಲೆ ಇದೆ.
ಬಲೆ ಮೀನನ್ನಾದರೂ ಬಿಟ್ಟೀತು, ಸದ್ದನ್ನು ಬಿಡುವುದಿಲ್ಲ.’

ಹೌದು. ಎದೆಮಟ್ಟ ಬಲೆ, ನೀಲಿ, ಹಸಿರು, ಒಂದಿಷ್ಟು ಕೇಸರಿ,
ಮೂರು ಗೋಡೆಗೆ ಒರಗಿ ಕೂತಿತ್ತು.
ಚಪ್ಪಾಳೆ ತಟ್ಟಿದೆ.
ಹೋದ ಚಪ್ಪಾಳೆ ತಿರುಗಿ ಬರಲಿಲ್ಲ.
ಸ್ಟುಡಿಯೋದವರು ಸ್ಪಂಜಿಗೆ ಸುರಿಯುವ ದುಡ್ಡು ನೆನೆದು ನಗು ಬಂತು.
ಇಲ್ಲಿ ವಾಸನೆಯೂ ಪುಕ್ಕಟೆ.

ಬ್ಯಾಗು ಬಿಚ್ಚಿದೆ. ಅಂಗೈಯಗಲದ ರೆಕಾರ್ಡರು,
ಎರಡು ಮೈಕು, ಎರಡು ಕೇಬಲ್ಲು,
ದಾರಿಯಲ್ಲಿ ಕೊಂಡ ನಾಲ್ಕು ಪೆನ್ಸಿಲ್ ಸೆಲ್ಲು.
ಒಂದು ಸ್ಟ್ಯಾಂಡು ಸರಿ ಇದೆ,
ಇನ್ನೊಂದು ಅಂಕೋಲೆಯ ಬಸ್ಸಿನಲ್ಲಿ ಕಾಲು ಮುರಿದುಕೊಂಡಿದೆ.
ಅವರು ಮೀನಿನ ಕ್ರೇಟು ಬೋರಲು ಹಾಕಿ,
ನೈಲಾನ್ ದಾರ ಹಲ್ಲಲ್ಲಿ ಹಿಡಿದು
ಎರಡು ಸುತ್ತು, ಒಂದು ಗಂಟು.
ಈಗ ಒದ್ದರೂ ಅಲ್ಲಾಡದು.

ನಾನು ಕೇಬಲ್ಲನ್ನು ಮೊಣಕೈಗೆ ಸುತ್ತುವುದು ನೋಡಿ
ಕಸಿದುಕೊಂಡರು. ‘ಹಾಗಲ್ಲ ತಂಗೀ.
ಹಗ್ಗಕ್ಕೂ ತನ್ನದೊಂದು ತಿರುವಿರುತ್ತದೆ.
ಒಂದು ಸುತ್ತು ಮೇಲಿಂದ, ಒಂದು ಒಳಗಿಂದ.
ಒತ್ತಾಯ ಮಾಡಿದರೆ ಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ.’
ಹದಿನೆಂಟು ಪ್ರಶ್ನೆ ಬರೆದು ತಂದ ಹಾಳೆಯನ್ನು
ಮಡಚಿ ಬ್ಯಾಗಿಗೆ ಹಾಕಿದೆ.

ಮೈಕಿನ ರೋಮದ ಟೊಪ್ಪಿಗೆ ಮುಟ್ಟಿ ‘ಬೆಕ್ಕಿನ ಮರಿಯಾ?’
‘ಗಾಳಿ ತಡೆಯೋಕೆ.’
‘ಕಾರವಾರದ ಗಾಳಿಯನ್ನೇ?’

ಇನ್ನು ಲೆವೆಲ್ಲು. ಎಲ್ಲರನ್ನೂ ಕೇಳುವುದನ್ನೇ ಕೇಳಿದೆ:
ಬೆಳಿಗ್ಗೆ ಏನು ತಿಂದಿರಿ?
ಅವರು ಮೈಕನ್ನು ಕ್ಲಿಪ್ಪಿನಿಂದ ಬಿಡಿಸಿ ಬಾಯ ಹತ್ತಿರ ತಂದರು.
ಹೆಬ್ಬೆರಳು ಇಲ್ಲದ ಗುಂಡಿಯೊಂದನ್ನು ಒತ್ತಿತು:
‘ಪೇಜ. ಒಣ ಶೆಟ್ಲಿ ಚಟ್ನಿ. ಓವರ್.’
ಹೆಬ್ಬೆರಳು ಬಿಟ್ಟಿತು. ಕಾದರು.
ಪರದೆಯ ಕಡ್ಡಿ ಕೆಂಪಿಗೆ ಹೋಗಿ ಬಡಿದಿತ್ತು.

ಮೂವತ್ತೊಂದು ವರ್ಷ ಬಂದರಿನ ವೈರ್‌ಲೆಸ್ ಕೋಣೆ.
ಆ ಕಡೆ ಗಾಳಿ, ಎಂಜಿನು, ಅರ್ಧ ನೀರು ಕುಡಿದ ಮಾತು;
ಮೆಲುದನಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.
ಗೇನ್ ಇಳಿಸಿದೆ, ಮತ್ತೂ ಇಳಿಸಿದೆ.
‘ಒತ್ತುವುದು ಬೇಡ ಬಾಬ್,
ಇದರಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಬಹುದು.’
‘ಒಟ್ಟಿಗೇ? ಮತ್ತೆ ಕೇಳುವವರು ಯಾರು? ಓವರ್.’

ಕೊನೆಯದು, ಕೋಣೆಯ ಸದ್ದು.
ಯಾರೂ ಮಾತಾಡದ ಮೂವತ್ತು ಸೆಕೆಂಡು,
ಆಮೇಲೆ ಕತ್ತರಿಸಿದಲ್ಲಿ ತೇಪೆ ಹಚ್ಚಲು.
ವಿವರಿಸಿ ಮುಗಿಸುವ ಮೊದಲೇ ಕೈ ಅಡ್ಡ ತಂದರು.
‘ಮೂವತ್ತು ಸೆಕೆಂಡಲ್ಲ. ಮೂರು ನಿಮಿಷ.
ನಮ್ಮ ಗಡಿಯಾರದ ಮುಖಕ್ಕೆ ಬಣ್ಣ ಬಳಿದಿತ್ತು,
ಗಂಟೆಗೊಂದು ತುಂಡು, ಅರ್ಧಕ್ಕೊಂದು ತುಂಡು.
ಮುಳ್ಳು ಅದರೊಳಗೆ ಬಂತೋ, ಯಾರೂ ತುಟಿ ಬಿಚ್ಚುವಂತಿಲ್ಲ,
ದೊಡ್ಡ ಹಡಗಾಗಲಿ, ನಮ್ಮ ಸಾಹೇಬರಾಗಲಿ.
ಬ್ಯಾಟರಿ ತೀರುತ್ತಿರುವ ಯಾವನಾದರೂ
ಸಣ್ಣಗೆ ಕರೆದರೆ ಕೇಳಬೇಕಲ್ಲ.’

ಒತ್ತಿದೆ. ಕೆಂಪು ದೀಪ.
ಅವರು ಕಣ್ಣು ಮುಚ್ಚಲಿಲ್ಲ,
ತಲೆಯನ್ನು ತುಸು ಎಡಕ್ಕೆ ವಾಲಿಸಿದರು, ಅಷ್ಟೆ.
ಹೆಡ್‌ಫೋನಿನಲ್ಲಿ
ಐಸು ಪುಡಿ ಮಾಡುವ ಯಂತ್ರ, ದೂರ;
ತಗಡಿನ ಮೇಲೆ ಕಾಗೆಯ ಉಗುರು;
ಹೆದ್ದಾರಿಯಲ್ಲಿ ಗೇರು ಬದಲಿಸಿದ ಲಾರಿ;
ದೋಣಿಗೆ ದೋಣಿ ತಾಗಿ ನಡುವಿನ ಟಯರು ನರಳಿದ್ದು;
ಅವರ ಮೂಗಿನ ಒಂದೇ ಹೊಳ್ಳೆಯಲ್ಲಿ ಸಣ್ಣ ಸೀಟಿ.
ಒಂದು ನಿಮಿಷಕ್ಕೆ ನನ್ನ ಕಾಲು ಜೋಮು ಹಿಡಿಯಿತು.
ಎರಡಕ್ಕೆ ನಾನೂ ಕಿವಿಗೊಡತೊಡಗಿದ್ದೆ,
ಯಾರಿಗೆಂದು ಗೊತ್ತಿಲ್ಲದೆ.

ಮೂರಾದದ್ದು ಅವರಿಗೇ ತಿಳಿಯಿತು, ಗಡಿಯಾರ ನೋಡದೆ.
ಮೈಕನ್ನು ಕ್ಲಿಪ್ಪಿಗೆ ಸಿಕ್ಕಿಸಿದರು.
ಕೈ ತೊಡೆಯ ಮೇಲಿಟ್ಟುಕೊಂಡು,
ನಾನು ಗೇನ್ ಮತ್ತೆ ಏರಿಸಬೇಕಾಗುವಷ್ಟು ಮೆಲ್ಲಗೆ:
‘ಇವತ್ತು ಯಾರೂ ಕರೆಯಲಿಲ್ಲ.
ಕೇಳು ತಂಗೀ, ಏನು ಕೇಳಬೇಕೋ.’